ಮೆತ್ತನೆ ಸೀಟಿನ ಮೋಸ

ಹಳೇ ಬೈಕ್ ತಗೊಂಡವರು ಬೇಗ ಮಾಡಿಸುವ ಕೆಲಸಗಳಲ್ಲಿ ಸೀಟೂ ಒಂದು. ಕುಷನ್ ಅಂಗಡಿಗೆ ಹೋಗಿ, "ಅಣ್ಣಾ, ಇನ್ನೊಂದು ಇಂಚು ಸ್ಪಂಜ್ ಹಾಕಿಬಿಡಿ, ಚೆನ್ನಾಗಿ ಮೆತ್ತಗಿರ್ಲಿ" ಅನ್ನುತ್ತಾರೆ. ಅವರೂ ಹಾಕಿಕೊಡುತ್ತಾರೆ. ಅಂಗಡಿ ಮುಂದೆ ಕೂತು ನೋಡಿದರೆ ಹಾಯಾಗಿಯೇ ಇರುತ್ತದೆ. ಅದೇ ಸೀಟಿನ ಮೇಲೆ ಬೆಂಗಳೂರಿನಿಂದ ಹೊರಟು ಹಾಸನ ದಾಟುವಷ್ಟರಲ್ಲಿ ಅಂಡು ಉರಿಯುತ್ತದೆ, ತೊಡೆ ಜೋಮು ಹಿಡಿಯುತ್ತದೆ. ಆಗ ಬೈಸಿಕೊಳ್ಳುವುದು ರಸ್ತೆ, ಬೈಕು, ಇಲ್ಲವೇ "ಬಾಡಿ ಹೀಟು". ಸ್ಪಂಜಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮೆತ್ತಗಿದ್ದಷ್ಟೂ ಸುಖ ಅನ್ನುವ ನಂಬಿಕೆ ಅಷ್ಟು ಬೇರೂರಿದೆ.

ಆ ನಂಬಿಕೆ ತಪ್ಪು. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಮೂಳೆಯಿಂದ ಶುರು ಮಾಡಬೇಕು. ಗಟ್ಟಿ ಕುರ್ಚಿಯ ಮೇಲೆ ಕೂತು, ಅಂಗೈ ಮೇಲಾಗಿ ಕೈಯನ್ನು ಅಂಡಿನ ಕೆಳಗೆ ತೂರಿಸಿ ನೋಡಿ. ಎರಡು ಗಂಟುಗಳು ಸಿಗುತ್ತವೆ ಅಲ್ವಾ? ಅವು ಸೊಂಟದ ಮೂಳೆಯ ಕೆಳತುದಿಗಳು. ನಿಂತಾಗ ಅವುಗಳ ಮೇಲೆ ದಪ್ಪ ಸ್ನಾಯು ಮುಚ್ಚಿರುತ್ತದೆ. ಕೂತಾಗ ತೊಡೆ ಮಡಿಚುತ್ತದೆ, ಸ್ನಾಯು ಪಕ್ಕಕ್ಕೆ ಸರಿಯುತ್ತದೆ. ಮೂಳೆಗೂ ಸೀಟಿಗೂ ನಡುವೆ ಹೆಚ್ಚಾಗಿ ಉಳಿಯುವುದು ಚರ್ಮ, ಸ್ವಲ್ಪ ಕೊಬ್ಬು ಅಷ್ಟೇ.

ಈಗ ಸಣ್ಣ ಲೆಕ್ಕ. ಸವಾರನ ತೂಕ 75 ಕಿಲೋ ಇದ್ದರೆ, ಕೈಕಾಲು ಹೊರುವುದನ್ನು ಕಳೆದು ಸೀಟಿನ ಮೇಲೆ 60 ಕಿಲೋ ಬೀಳುತ್ತದೆ ಅಂತಿಟ್ಟುಕೊಳ್ಳಿ. ಹಲಗೆಯ ಮೇಲೆ ಕೂತು ಬರೀ 100 ಚದರ ಸೆಂಟಿಮೀಟರ್ ಜಾಗ ತಾಗಿದರೆ, ಅಲ್ಲಿನ ಒತ್ತಡ ಬಿಪಿ ಅಳೆಯುವ ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿ 440ರ ಹತ್ತಿರ. ಅದೇ ಭಾರ 900 ಚದರ ಸೆಂಟಿಮೀಟರ್ ಸೀಟಿನ ಮೇಲೆ ಸಮವಾಗಿ ಹರಡಿದರೆ 50ರ ಸುಮಾರು. ಉಗುರಿನ ಬುಡದ ಅತಿ ಸಣ್ಣ ರಕ್ತನಾಳಗಳ ಒಳಗಿನ ಒತ್ತಡವನ್ನು ಅಮೆರಿಕದ ವಿಜ್ಞಾನಿ ಯೂಜೀನ್ ಲ್ಯಾಂಡಿಸ್ 1930ರಲ್ಲಿ ಅಳೆದು ಪ್ರಕಟಿಸಿದ್ದರು. ರಕ್ತ ಒಳಬರುವ ತುದಿಯಲ್ಲಿ ಅದು ಸುಮಾರು 32. ಬೆರಳಿನ ಸಂಖ್ಯೆಯನ್ನು ಅಂಡಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ, ನಿಜ. ಆದರೂ ಅಂದಾಜು ಸಿಗುತ್ತದೆ. ಹೊರಗಿನಿಂದ ಒತ್ತುವುದು ಒಳಗಿನ ಒತ್ತಡ ಮೀರಿದರೆ ನಾಳ ಮುಚ್ಚಿಕೊಳ್ಳುತ್ತದೆ, ಆ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ನೋವು ಅದರ ದೂರು.

ಅಂದರೆ ಸೀಟಿನ ನಿಜವಾದ ಕೆಲಸ ಮೆತ್ತಗಿರುವುದಲ್ಲ, ಭಾರ ಹಂಚುವುದು.

ಸ್ಪಂಜ್ ಇದನ್ನು ಹೇಗೆ ಮಾಡುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಒಂದು ತುಂಡನ್ನು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ. ಗೋಡೆಯಿಲ್ಲದ ಪುಟ್ಟ ಪುಟ್ಟ ಗೂಡುಗಳು, ಅವುಗಳ ಅಂಚಿಗೆ ಸಣ್ಣ ಕಂಬಗಳು. ಪೊರಕೆ ಕಡ್ಡಿಯೊಂದನ್ನು ಎರಡು ಅಂಗೈಗಳ ನಡುವೆ ಉದ್ದಕ್ಕೆ ಇಟ್ಟು ಒತ್ತಿದರೆ ಏನಾಗುತ್ತದೋ ಈ ಕಂಬಗಳಿಗೂ ಅದೇ ಆಗುತ್ತದೆ. ಮೊದಲು ಕಡ್ಡಿ ಎದುರು ನಿಲ್ಲುತ್ತದೆ. ಒಂದು ಹಂತ ದಾಟಿದ ಮೇಲೆ ತಟ್ಟನೆ ಬಾಗುತ್ತದೆ. ಬಾಗಿದ ಮೇಲೆ ಇನ್ನಷ್ಟು ಬಾಗಿಸಲು ಹೆಚ್ಚಿನ ಬಲವೇ ಬೇಡ. ಸ್ಪಂಜಿನ ಎರಡನೇ ಹಂತ ಇದೇ, ಇಡೀ ಗುಟ್ಟು ಇರುವುದೂ ಇಲ್ಲೇ. ಈ ಹಂತದಲ್ಲಿ ಮೂಳೆಯ ಕೆಳಗಿನ ಸ್ಪಂಜ್ ಜಾಸ್ತಿ ಕುಗ್ಗಿರುತ್ತದೆ, ತೊಡೆಯ ಕೆಳಗಿನದು ಕಡಿಮೆ. ಆದರೆ ಎರಡೂ ತಿರುಗಿ ಒತ್ತುವ ಬಲ ಹತ್ತಿರ ಹತ್ತಿರ ಒಂದೇ. ಮೂಳೆ ಮುಳುಗುತ್ತದೆ, ತೊಡೆ ಕೂಡ ಭಾರ ಹೊರಲು ಬರುತ್ತದೆ, ಒತ್ತಡ ತಾನಾಗಿ ಹಂಚಿಹೋಗುತ್ತದೆ.

ಆಮೇಲೆ ಮೂರನೇ ಹಂತ. ಗೂಡುಗಳೆಲ್ಲ ಕುಸಿದು ಕಂಬಕ್ಕೆ ಕಂಬ ತಾಗುತ್ತದೆ. ಇನ್ನು ಅದು ಸ್ಪಂಜ್ ಅಲ್ಲ, ಗಟ್ಟಿ ಪ್ಲಾಸ್ಟಿಕ್. ತೀರಾ ಮೆತ್ತನೆ ಸ್ಪಂಜ್ ಕೂತ ಕೂಡಲೇ ಮೂಳೆಯ ಕೆಳಗೆ ಈ ಹಂತ ಮುಟ್ಟಿಬಿಡುತ್ತದೆ. ಕೂತಿರುವುದು ಹೆಚ್ಚುಕಡಿಮೆ ಸೀಟಿನ ತಳದ ತಗಡಿನ ಮೇಲೆ. ಹಳ್ಳಕ್ಕೆ ಬಿದ್ದಾಗ ಕ್ಷಣಕಾಲ ಭಾರ ದುಪ್ಪಟ್ಟಾಗುತ್ತದೆ, ಆಗಂತೂ ಏನೂ ಉಳಿಯುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಕೂತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 6 ಸಲದ ಮೇಲೆ-ಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ದಪ್ಪನೆಯ ಮೆತ್ತನೆ ಸ್ಪಂಜ್ ಹೆಚ್ಚಾಗಿ ಅದೇ ಲಯದಲ್ಲಿ ಕುಣಿಯುತ್ತದೆ. ಎಂಜಿನ್ನಿನ ಅದುರುವಿಕೆಯನ್ನು, ಅಂದರೆ 3000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 50 ಸಲ ಬರುವುದನ್ನು, ಅದು ಚೆನ್ನಾಗಿ ತಡೆಯುತ್ತದೆ. ರಸ್ತೆಯ ಉಬ್ಬುತಗ್ಗನ್ನು ಮಾತ್ರ ಹೆಚ್ಚಿಸಿ ಕೊಡುತ್ತದೆ.

ಈ ಪಾಲಿಯುರೆಥೇನ್ ಸ್ಪಂಜಿನ ಕಥೆಯೂ ಹೇಳಲೇಬೇಕು. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಆಟೊ ಬೇಯರ್ ಮತ್ತು ಅವರ ಜೊತೆಗಾರರು ಇದರ ರಸಾಯನವನ್ನು ಕಂಡುಹಿಡಿದರು. (ಬೇಯರ್ ಕಂಪನಿ ಕಟ್ಟಿದ ಮನೆತನಕ್ಕೂ ಇವರಿಗೂ ನೆಂಟಸ್ತಿಕೆ ಇಲ್ಲ.) ಮಿಶ್ರಣಕ್ಕೆ ನೀರಿನಂಶ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಗುಳ್ಳೆಗಳಾಗುತ್ತಿದ್ದವು. ಮೊದಮೊದಲು ಅದು ಕೆಟ್ಟುಹೋದ ಸರಕು. ಆ ಗುಳ್ಳೆಗಳೇ ಬೇಕು ಅಂತ ಹೊಳೆದ ಮೇಲೆ ಹುಟ್ಟಿದ್ದು ಇವತ್ತಿನ ಹಾಸಿಗೆ, ಕಾರು, ಬೈಕಿನ ಸೀಟು. ಮೆತ್ತನೆ ಫೋಮ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು.

ಈಗ ನಮ್ಮ ಹಳೇ ಬೈಕಿಗೆ ಬರೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಂದಮೇಲೆ ಅಲ್ಲಿ ತಯಾರಾದ ಯೆಜ್ಡಿ ಯಾವುದೇ ಇರಲಿ, ಸೀಟು ಮೂಲದ್ದೇ ಆಗಿದ್ದರೆ ವಯಸ್ಸು 30ರ ಆಸುಪಾಸು ಅಥವಾ ಮೇಲೆ. ರೆಕ್ಸಿನ್ ಎತ್ತಿದರೆ ಗೊತ್ತಾಗುತ್ತದೆ. ಮೇಲಿನ ಪದರ ಕಂದು ಬಣ್ಣಕ್ಕೆ ತಿರುಗಿ ಉಗುರು ತಾಗಿದರೆ ಪುಡಿ ಉದುರುತ್ತದೆ. ಕೂರುವ ಕಡೆ ಎರಡು ಹಳ್ಳ. ತಗಡಿನ ಮೂಲೆಗಳಲ್ಲಿ ತುಕ್ಕು. ಗಾಳಿ, ಬಿಸಿಲು, ತೇವ ಸೇರಿ ಕಂಬಗಳನ್ನು ತಿಂದಿವೆ. ಅದರ ಮೇಲೆ ಹೊಸ ಸ್ಪಂಜ್ ಹಾಕಿಸಿದರೆ ಸುಮ್ನೆ ದುಡ್ಡು ದಂಡ. ಹಳೆಯದನ್ನು ಪೂರ್ತಿ ಕಿತ್ತು, ತಗಡಿನ ತುಕ್ಕು ಉಜ್ಜಿ, ಪ್ರೈಮರ್ ಹೊಡೆಸಿ, ಹೊಸದಾಗಿ ಕಟ್ಟಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಕುಷನ್ ಅಂಗಡಿಯಲ್ಲಾಗಲಿ "32 ಡೆನ್ಸಿಟಿ, 40 ಡೆನ್ಸಿಟಿ" ಅಂತ ಕೇಳುತ್ತಾರೆ. ಅದು ಒಂದು ಘನ ಮೀಟರ್ ಸ್ಪಂಜಿನ ತೂಕ, ಕಿಲೋದಲ್ಲಿ. ಎಷ್ಟು ಗಟ್ಟಿ ಅನ್ನುವುದು ಬೇರೆಯೇ ಗುಣ. ಡೆನ್ಸಿಟಿ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ, ಅಷ್ಟೇ. ಗಟ್ಟಿತನ ನೋಡಲು ಅಂಗೈ ಬುಡದಿಂದ ಪೂರ್ತಿ ಭಾರ ಹಾಕಿ ಒತ್ತಿ. ತಳ ತಾಗಿದರೆ ಬೇಡ ಅನ್ನಿ. ಚೂರುಗಳನ್ನು ಅಂಟಿಸಿ ಮಾಡುವ ರೀಬಾಂಡ್ ಫೋಮ್ ಕೆಳಗೆ, 40ಕ್ಕೆ ಕಡಿಮೆಯಿಲ್ಲದ ಒಳ್ಳೆ ಫೋಮ್ ಮೇಲೆ. ದೂರ ಹೋಗುವವರಿಗೆ ಈ ಜೋಡಿ ಸರಿಹೋಗುತ್ತದೆ. ಪದರಗಳ ನಡುವೆ ಅಂಟನ್ನು ಅಂಚಿಗೆ ಮಾತ್ರ ಹಚ್ಚಿಸಿ. ಪೂರ್ತಿ ಬಳಿದರೆ ಒಣಗಿದ ಅಂಟೇ ಒಂದು ಗಟ್ಟಿ ಪದರವಾಗುತ್ತದೆ.

ಫೋಮಿಗಿಂತ ದೊಡ್ಡದು ಆಕಾರ. ಆ ಎರಡು ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 14 ಸೆಂಟಿಮೀಟರ್. ಎರಡೂ ಸಮತಟ್ಟಾದ ಜಾಗದ ಮೇಲೇ ಕೂರಬೇಕು. ಹಳೇ ಸೀಟುಗಳ ಮೇಲ್ಭಾಗ ಗುಂಡಗಿದ್ದರೆ ಮೂಳೆ ಇಳಿಜಾರಿನಲ್ಲಿರುತ್ತದೆ, ಭಾರವೆಲ್ಲ ನಡುವಿನ ನಾಜೂಕು ಜಾಗಕ್ಕೆ. ಹಿಂದೆ ಅಗಲ, ಟ್ಯಾಂಕಿನ ಹತ್ತಿರ ಕಿರಿದು ಮಾಡಿಸಿ, ಕಾಲು ನೆಲಕ್ಕೆ ಎಟುಕುತ್ತದೆ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಜಾರಿ ಟ್ಯಾಂಕಿಗೆ ಒತ್ತುತ್ತೀರಿ. ಅದನ್ನು ಮಟ್ಟ ಮಾಡಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

"ಮೆಮೊರಿ ಫೋಮ್ ಹಾಕಿಸ್ಲಾ?" ಅಂತ ಕೇಳುವವರು ಬಹಳ ಜನ. 1966ರಲ್ಲಿ ನಾಸಾ ಕೆಲಸಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು ಅದು. ಒಳ್ಳೆಯದೇ, ಆದರೆ ಅದರ ಗಟ್ಟಿತನ ತಾಪಮಾನದ ಜೊತೆ ಬದಲಾಗುತ್ತದೆ. ಮಡಿಕೇರಿಯ ಚಳಿಯ ಬೆಳಗಲ್ಲಿ ಗಟ್ಟಿ, ಬಳ್ಳಾರಿಯ ಬಿಸಿಲಲ್ಲಿ ಪೂರ್ತಿ ಮೆತ್ತಗೆ. ಹಾಕಲೇಬೇಕೆಂದರೆ ಗಟ್ಟಿ ಫೋಮಿನ ಮೇಲೆ ತೆಳ್ಳಗೆ ಹಾಕಿಸಿ. ಗಾಳಿ ತುಂಬಿದ ಕುಷನ್ ಇದಕ್ಕಿಂತ ವಾಸಿ. ಒಳಗಿನ ಗಾಳಿಯ ಒತ್ತಡ ಎಲ್ಲ ಕಡೆ ಒಂದೇ, ಹಂಚುವ ಕೆಲಸ ಅದಕ್ಕೆ ಸಹಜ. 1970ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗ್ರೇಬ್ ಗಾಲಿಕುರ್ಚಿಯವರಿಗಾಗಿ ಇಂಥ ಕುಷನ್ ಮಾಡಿದರು. ಬೆನ್ನುಹುರಿಗೆ ಪೆಟ್ಟಾದ ಬಹಳ ಜನರಿಗೆ ಅಲ್ಲಿ ನೋವೇ ತಿಳಿಯುವುದಿಲ್ಲ, ಹುಣ್ಣಾದ ಮೇಲೆಯೇ ಗೊತ್ತಾಗುವುದು. ಕೂರುವುದರ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ಬಹುಪಾಲು ಅವರ ಕಷ್ಟದಿಂದ ಬಂದದ್ದು. ಬೈಕಿನವರು ಗಾಳಿ ಕುಷನ್ನನ್ನು ಬಿಗಿಯಾಗಿ ಊದಿ ಕೆಡಿಸುತ್ತಾರೆ. ಮೂಳೆ ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ ತೇಲುವಷ್ಟು ಗಾಳಿ ಸಾಕು.

ಇನ್ನು "ಹೀಟ್ ಆಗಿದೆ" ಅಂತ ನೆತ್ತಿಗೆ ಹರಳೆಣ್ಣೆ ಹಚ್ಚಿಕೊಳ್ಳುವವರ ಬಗ್ಗೆ ನನಗೆ ನಿಜವಾಗಿ ಬೇಸರ ಇದೆ. ಎಳನೀರು ಕುಡಿಯಿರಿ, ದಾರಿಯಲ್ಲಿ ನೀರಿನಂಶ ಬೇಕೇ ಬೇಕು. ಆದರೆ ಆ ಉರಿಗೆ ಕಾರಣ ಒತ್ತಡ, ಬೆವರು, ಉಜ್ಜಾಟ. ರೆಕ್ಸಿನ್ ಗಾಳಿಯಾಡಲು ಬಿಡುವುದಿಲ್ಲ. ನೆಂದು ಮೆತ್ತಗಾದ ಚರ್ಮ ಹೊಲಿಗೆಗೆ ಉಜ್ಜಿ ಕೀಳುತ್ತದೆ. ಲಾರಿ ಡ್ರೈವರುಗಳು ಹಾಕುವ ಮರದ ಮಣಿಯ ಹಾಸು ಇಲ್ಲಿ ಕೆಲಸಕ್ಕೆ ಬರುತ್ತದೆ, ಮಣಿಗಳ ಸಂದಿಯಲ್ಲಿ ಗಾಳಿ ಓಡಾಡುತ್ತದೆ. ದಪ್ಪ ಜಾಲರಿ ಬಟ್ಟೆಯ ಕವರ್ ಕೂಡ ಆಗುತ್ತದೆ. ಒಳಗೆ ದಪ್ಪ ಹೊಲಿಗೆಯ ಜೀನ್ಸ್ ಮಾತ್ರ ಬೇಡ.

ಇಷ್ಟೆಲ್ಲ ಮಾಡಿದರೂ ಆ ಲೆಕ್ಕ ನೆನಪಿರಲಿ. ಸಮವಾಗಿ ಹಂಚಿದರೂ ಒತ್ತಡ 50, ಆ ಸಣ್ಣ ನಾಳಗಳ 32ಕ್ಕಿಂತ ಜಾಸ್ತಿಯೇ. ಅಲುಗಾಡದೆ ದಿನವಿಡೀ ಕೂರಬಹುದಾದ ಸೀಟೇ ಇಲ್ಲ. ಗಾಲಿಕುರ್ಚಿ ಬಳಸುವವರಿಗೆ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಲು ಕಲಿಸುತ್ತಾರೆ. ಖಾಲಿ ನೇರ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ಕಾಲೂರಿ ಅಂಡನ್ನು ಸ್ವಲ್ಪ ಎತ್ತಿದರೆ ಸಾಕು, ರಕ್ತ ಮತ್ತೆ ಹರಿಯುತ್ತದೆ.

ಅಂಗಡಿಯಲ್ಲಿ ಒಂದು ಹಟ ಮಾಡಿ. ರೆಕ್ಸಿನ್ ಹೊಡೆಯುವ ಮುಂಚೆ ಬರೀ ಫೋಮಿನ ಮೇಲೆ ಅರ್ಧ ಗಂಟೆ ಕೂರಿ. ಎಲ್ಲಿ ಚುಚ್ಚುತ್ತದೋ ಹೇಳಿ, ಹ್ಯಾಕ್‌ಸಾ ಬ್ಲೇಡಿನಲ್ಲಿ ಕೆರೆದು ಸರಿಮಾಡುತ್ತಾರೆ. ಆಮೇಲೆ ರೆಕ್ಸಿನನ್ನು ಡೋಲಿನ ಚರ್ಮದಷ್ಟು ಬಿಗಿಯಾಗಿ ಎಳೆಯಲು ಬಿಡಬೇಡಿ. ಬಿಗಿದ ರೆಕ್ಸಿನ್ ತಾನೇ ಭಾರ ಹೊತ್ತುಬಿಡುತ್ತದೆ, ಕೆಳಗಿನ ಫೋಮಿಗೆ ಕುಗ್ಗಲು ಅವಕಾಶವೇ ಸಿಗುವುದಿಲ್ಲ. ಒಂದೆರಡು ಸುಕ್ಕು ಕಾಣಿಸಿದರೆ ಕಾಣಿಸಲಿ, ಹಾಗೇ ಪಿನ್ ಹೊಡೆಸಿ.