ಕೆಂಪು ಕಂಡಲ್ಲಿ ಗ್ಯಾಸ್ ಇಲ್ಲ

ವಿಮಾನದಿಂದ ಮಾಡಿದ ಮ್ಯಾಗ್ನೆಟಿಕ್ ಸರ್ವೆಯ ನಕ್ಷೆ ಹಿಡಿದು ಕಲಬುರಗಿಯ ನನ್ನ ಆಫೀಸಿಗೆ ಬರುವವರು ಮೊದಲು ಬೆರಳಿಡುವುದು ಕೆಂಪು ಜಾಗದ ಮೇಲೆ. "ಸರ್, ಗ್ಯಾಸ್ ತುಂಬಿಟ್ಟಿರೋದು ಇಲ್ಲೇ ಅಲ್ವಾ?" ನೆಲದಡಿ ಗ್ಯಾಸ್ ಸಂಗ್ರಹದ ಬಗ್ಗೆ ಪ್ರಾಜೆಕ್ಟ್ ಮಾಡುವ ಹುಡುಗರು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ಜಾಣ ಮಕ್ಕಳು. ಆದರೂ ಬಣ್ಣ ನೋಡಿ ಮೋಸ ಹೋಗುತ್ತಾರೆ.

ಆ ಯಂತ್ರಕ್ಕೆ ಗ್ಯಾಸ್ ಕಾಣುವುದಿಲ್ಲ. ನೀರೂ ಕಾಣುವುದಿಲ್ಲ. ಕಲ್ಲಿನೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಭೂಮಿಯ ಕಾಂತಕ್ಷೇತ್ರವನ್ನು ಎಷ್ಟು ಏರುಪೇರು ಮಾಡಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು. ಬಲವಾದ ಸಣ್ಣ ಆಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಮನೆಯ ಶಹಾಬಾದ್ ಪರ್ಸಿಕಲ್ಲಿನ ಪಕ್ಕ ಇಳಿಬಿಡಿ. ಅಲುಗುವುದಿಲ್ಲ. ಬೀದರ್ ಕಡೆಯ ಕರಿಕಲ್ಲಿನ, ಅಂದರೆ ಲಾವಾ ಆರಿ ಆದ ಬಸಾಲ್ಟಿನ ಚೂರು ಹತ್ತಿರ ತನ್ನಿ, ಮೆಲ್ಲಗೆ ಅದರತ್ತ ವಾಲುತ್ತದೆ.

ಗ್ಯಾಸ್ ಇಡುವ ಮರಳುಗಲ್ಲೂ ಪರ್ಸಿಯ ಹಾಗೆಯೇ, ವಿಮಾನದ ಪಾಲಿಗೆ ಹೆಚ್ಚುಕಡಿಮೆ ಇಲ್ಲದಂತೆ. ನಕ್ಷೆಯಲ್ಲಿ ಮೂಡುವುದು ಅದರ ಬುಡದ ಗ್ರಾನೈಟ್, ನೈಸ್‌ನಂಥ ಗಟ್ಟಿಕಲ್ಲುಗಳು, ಅವುಗಳ ನಡುವೆ ಗೋಡೆಯಂತೆ ನಿಂತ ಡೈಕ್‌ಗಳು. ಅಮೆರಿಕದ ಇಲಿನಾಯ್‌ನಲ್ಲಿ ಮೌಂಟ್ ಸೈಮನ್ ಎಂಬ ಮರಳುಗಲ್ಲಿನಲ್ಲಿ, ಕೆಲವೆಡೆ ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಆಳದಲ್ಲಿ ಗ್ಯಾಸ್ ಇಡುತ್ತಾರೆ. ಅಂಥ ಕಡೆ ಬುಡದ ಗಟ್ಟಿಕಲ್ಲು ಎಲ್ಲಿ ಉಬ್ಬಿದೆ, ಎಲ್ಲಿ ಸೀಳಿದೆ ಎಂದು ತಿಳಿಯಲು ಈ ಸರ್ವೆ ಬೇಕು.

ಇನ್ನು ಕೆಂಪು. ನಕ್ಷೆಯಲ್ಲಿ ಕೆಂಪು ಎಂದರೆ ಕಾಂತಕ್ಷೇತ್ರ ಜಾಸ್ತಿ, ನೀಲಿ ಎಂದರೆ ಕಡಿಮೆ. ಧ್ರುವದ ಹತ್ತಿರ ಅದು ಕಲ್ಲಿನ ನೆತ್ತಿಯ ಮೇಲೇ ಬೀಳುತ್ತದೆ. ನಾವಿರುವುದು ಸಮಭಾಜಕದ ಕಡೆಗೆ. ಇಲ್ಲಿ ಕೆಂಪು ದಕ್ಷಿಣಕ್ಕೆ ಜಾರುತ್ತದೆ, ಕಲ್ಲಿನ ಉತ್ತರಕ್ಕೆ ನೀಲಿ ಬರುತ್ತದೆ. ಲೆಕ್ಕ ಹಾಕಿ ಸರಿಪಡಿಸದ ನಕ್ಷೆಯಲ್ಲಿ ಕೆಂಪಿಗೆ ಗುರಿಯಿಟ್ಟು ಕೊರೆದರೆ ಕಲ್ಲು ತಪ್ಪಿಯೇ ಹೋಗಬಹುದು. ಬೀದರ್‌ನ ಕರಿಕಲ್ಲಿನದು ಇನ್ನೂ ಕಷ್ಟ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾ ಆರುವಾಗ ಭೂಮಿಯ ಕಾಂತಕ್ಷೇತ್ರ ಬಹುಕಾಲ ತಿರುಗುಮುರುಗಾಗಿತ್ತು. ಆಗಿನ ಪದರಗಳು ಈಗಲೂ ಅದೇ ದಿಕ್ಕನ್ನು ಹಿಡಿದಿವೆ. ಹಾಗಾಗಿ ಒಂದೇ ಜಾತಿಯ ಕಲ್ಲು ಒಂದು ಕಡೆ ಕೆಂಪಾಗಿ, ಇನ್ನೊಂದು ಕಡೆ ನೀಲಿಯಾಗಿ ಕಾಣಬಹುದು. ಮೇಲಿನ ಈ ಗದ್ದಲದಲ್ಲಿ ಕೆಳಗಿನ ಕಲ್ಲಿನ ದನಿ ಮುಚ್ಚಿಹೋಗುವುದೂ ಉಂಟು.

ನಾನು ಬಣ್ಣಕ್ಕಿಂತ ಮೊದಲು ನೋಡುವುದು ಕಾಂತಕ್ಷೇತ್ರದ ಏರಿಳಿತ ಎಷ್ಟು ಮೊನಚು ಎನ್ನುವುದನ್ನು. ಮೊನಚಾಗಿದ್ದರೆ ಕಲ್ಲು ಮೇಲೇ ಇದೆ. ಅಗಲವಾಗಿ ಹರಡಿದ್ದರೆ ಸಾಮಾನ್ಯವಾಗಿ ಆಳದಲ್ಲಿದೆ. ಉದ್ದಕ್ಕೆ ಬಂದ ಪಟ್ಟೆ ಥಟ್ಟನೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಅಲ್ಲಿ ಬಿರುಕಿರುವ ಅನುಮಾನ. ಅನುಮಾನ ಅಷ್ಟೇ. ಆ ಬಿರುಕು ಗ್ಯಾಸನ್ನು ಮುಚ್ಚಿಟ್ಟ ಜೇಡಿಗಲ್ಲಿನವರೆಗೂ ಏರಿದೆಯಾ ಎಂದು ಈ ನಕ್ಷೆ ಹೇಳುವುದಿಲ್ಲ. ಅದಕ್ಕೆ ನೆಲವನ್ನು ಅದುರಿಸಿ ಪ್ರತಿಧ್ವನಿ ಕೇಳುವ ಸೈಸ್ಮಿಕ್ ಸರ್ವೆ ಬೇಕು, ಬಾವಿ ಕೊರೆದು ತೆಗೆದ ಕಲ್ಲು ಬೇಕು, ಬಿರುಕಿನ ಎರಡೂ ಬದಿಯ ಬಾವಿಗಳಲ್ಲಿ ಒತ್ತಡ ಅಳೆದು ನೋಡಬೇಕು.