ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವಾಗ ಸ್ವಂತ ಇನ್ಸುಲಿನ್ ಎಷ್ಟಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಕೆಲವು ವರ್ಷಗಳಿಂದ ಇನ್ಸುಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ನನ್ನ ದೇಹ ಇನ್ನೂ ತಾನಾಗಿ ಇನ್ಸುಲಿನ್ ತಯಾರಿಸುತ್ತಿದೆಯೇ? ರಕ್ತದ ಇನ್ಸುಲಿನ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುವುದಿಲ್ಲ. ನೀವು ಚುಚ್ಚಿಕೊಂಡ ಇನ್ಸುಲಿನ್ ಕೂಡ ಆ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಜೊತೆಗೆ, ಮೇದೋಜೀರಕ ಗ್ರಂಥಿ ಬಿಡುಗಡೆ ಮಾಡುವ ಇನ್ಸುಲಿನ್‌ನ ಅರ್ಧದಷ್ಟನ್ನು ಲಿವರ್ ಮೊದಲ ಸುತ್ತಿನಲ್ಲೇ ಹೀರಿಬಿಡುತ್ತದೆ. ನೀವು ಕೇಳಬೇಕಾದದ್ದು ಸಿ-ಪೆಪ್ಟೈಡ್ ಪರೀಕ್ಷೆ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಪ್ರೊಇನ್ಸುಲಿನ್ ಎಂಬ ಅಣು ತುಂಡಾದಾಗ ಒಂದು ಇನ್ಸುಲಿನ್, ಒಂದು ಸಿ-ಪೆಪ್ಟೈಡ್ ಹುಟ್ಟುತ್ತವೆ. ಇಂಜೆಕ್ಷನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹಾಗಾಗಿ ರಕ್ತದಲ್ಲಿ ಸಿಕ್ಕಿದ್ದಷ್ಟೂ ನಿಮ್ಮದೇ.

ರಕ್ತ ಕೊಡುವ ಹೊತ್ತು ಮುಖ್ಯ. ಖಾಲಿ ಹೊಟ್ಟೆಯಲ್ಲಿ ಬೀಟಾ ಕೋಶಗಳಿಗೆ ಕೆಲಸ ಕಡಿಮೆ. ಅವುಗಳ ಶಕ್ತಿ ತಿಳಿಯಬೇಕಾದರೆ ಊಟವಾದ ಮೇಲೆ, ಐದು ಗಂಟೆಯೊಳಗೆ ರಕ್ತ ಕೊಡುವುದು ಒಳ್ಳೆಯದು. ಅದೇ ರಕ್ತದ ಮಾದರಿಯಲ್ಲಿ ಗ್ಲೂಕೋಸ್ (ಸಕ್ಕರೆ) ಕೂಡ ಅಳೆಯಲೇಬೇಕು. ಎಷ್ಟೋ ವರದಿಗಳು ನಿರುಪಯೋಗಿಯಾಗುವುದು ಇದನ್ನು ಬಿಟ್ಟಿದ್ದರಿಂದ. ಸಕ್ಕರೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿದ್ದಾಗ ಆರೋಗ್ಯವಂತ ಕೋಶವೂ ಸುಮ್ಮನಾಗುತ್ತದೆ, ಆಗ ಬಂದ ಕಡಿಮೆ ಅಂಕಿಯನ್ನು ನಂಬದೆ ಮತ್ತೆ ಪರೀಕ್ಷಿಸಬೇಕು. ತೀರಾ ಹೆಚ್ಚಿದ್ದಾಗಲೂ ತೊಂದರೆಯೇ: ವಾರಗಟ್ಟಲೆ ಏರಿದ ಸಕ್ಕರೆ ಬೀಟಾ ಕೋಶಗಳನ್ನು ತಾತ್ಕಾಲಿಕವಾಗಿ ಮಂಕಾಗಿಸುತ್ತದೆ. ಕೀಟೋಆಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಆಗಿ ಆಸ್ಪತ್ರೆ ಸೇರಿದ್ದರೆ ಕನಿಷ್ಠ ಎರಡು ವಾರ ಕಾಯಿರಿ.

ಹೆಚ್ಚು ನಿಖರತೆ ಬೇಕಿದ್ದರೆ ಮಿಶ್ರ ಆಹಾರದ ಪರೀಕ್ಷೆ ಇದೆ. ದೇಹತೂಕದ ಪ್ರತಿ ಕಿಲೋಗೆ 6 ಮಿ.ಲೀ.ನಂತೆ, ಗರಿಷ್ಠ 360 ಮಿ.ಲೀ. ಪೌಷ್ಟಿಕ ದ್ರವ ಕುಡಿಸಿ 90 ನಿಮಿಷದ ಹೊತ್ತಿನ ಸಿ-ಪೆಪ್ಟೈಡ್ ನೋಡುತ್ತಾರೆ. ಗ್ಲುಕಗಾನ್ ಪರೀಕ್ಷೆಯಲ್ಲಿ, ಬೀಟಾ ಕೋಶಗಳನ್ನು ಪ್ರಚೋದಿಸುವ ಗ್ಲುಕಗಾನ್ ಎಂಬ ಹಾರ್ಮೋನನ್ನು 1 ಮಿ.ಗ್ರಾಂನಷ್ಟು ರಕ್ತನಾಳಕ್ಕೆ ಕೊಟ್ಟು ಆರನೇ ನಿಮಿಷಕ್ಕೆ ರಕ್ತ ತೆಗೆಯುತ್ತಾರೆ. ಬೇಗ ಮುಗಿಯುತ್ತದೆ, ಆದರೆ ವಾಕರಿಕೆ ಬರಬಹುದು. ಸಾಮಾನ್ಯ ಚಿಕಿತ್ಸೆಗೆ ಇವೆರಡೂ ಬೇಕಾಗುವುದು ಅಪರೂಪ.

ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಊಟದ ನಂತರದ ಅಂಕಿ 200 ಪಿಕೊಮೋಲ್/ಲೀಟರ್‌ಗಿಂತ (0.6 ನ್ಯಾನೊಗ್ರಾಂ/ಮಿ.ಲೀ.) ಕಡಿಮೆಯಿದ್ದರೆ ತೀವ್ರ ಕೊರತೆ, ಇಂಥವರು ಇನ್ಸುಲಿನ್ ನಿಲ್ಲಿಸುವುದು ಪ್ರಾಣಾಪಾಯ. 600 ದಾಟಿದ್ದರೆ ಸ್ವಂತ ಉತ್ಪಾದನೆ ಸಾಕಷ್ಟಿದೆ, ಟೈಪ್ 2 ಇರುವ ಸಾಧ್ಯತೆ ಹೆಚ್ಚು. ನಡುವಿನದು ಅನುಮಾನದ ವಲಯ. ವರದಿಯ ಏಕಮಾನ ನೋಡಿಕೊಳ್ಳಿ: 1 ನ್ಯಾನೊಗ್ರಾಂ/ಮಿ.ಲೀ. ಅಂದರೆ ಸುಮಾರು 331 ಪಿಕೊಮೋಲ್/ಲೀಟರ್.

ಸಿ-ಪೆಪ್ಟೈಡ್ ಅನ್ನು ಹೊರಹಾಕುವುದರಲ್ಲಿ ಕಿಡ್ನಿಯ ಪಾತ್ರ ದೊಡ್ಡದು. ಅದು ಸೋತಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡದೆ ನಿರ್ಧಾರ ಬೇಡ. ಕೂದಲಿಗೆಂದು ದೊಡ್ಡ ಪ್ರಮಾಣದಲ್ಲಿ ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ. ಕೆಲವು ಯಂತ್ರಗಳಲ್ಲಿ ಫಲಿತಾಂಶ ತಪ್ಪಾಗುತ್ತದೆ.

ಕಾಯಿಲೆ ಪತ್ತೆಯಾಗಿ ಮೂರು ವರ್ಷ ಕಳೆದಿಲ್ಲದಿದ್ದರೆ ಇದೊಂದೇ ಪರೀಕ್ಷೆ ಸಾಲದು. ಟೈಪ್ 1ರ ಆರಂಭದಲ್ಲೂ ಸಿ-ಪೆಪ್ಟೈಡ್ 600ಕ್ಕಿಂತ ಮೇಲಿರಬಹುದು. ಅಂಥವರಿಗೆ ಮೊದಲು ಗ್ಯಾಡ್ (GAD) ಪ್ರತಿಕಾಯ ಪರೀಕ್ಷೆ, ಅಂದರೆ ಟೈಪ್ 1ರ ಸುಳಿವು ಕೊಡುವ ರಕ್ತಪರೀಕ್ಷೆ, ಮಾಡಿಸಬೇಕು.