ಐ7 ಎಂದರೆ ಏಳನೇ ತಲೆಮಾರಲ್ಲ

ಹಳೆಯ ಲ್ಯಾಪ್‌ಟಾಪ್ ಕೊಂಡು ರಿಪೇರಿಗೆ ಬರುವವರ ಬೇಡಿಕೆ ಹೆಚ್ಚುಕಡಿಮೆ ಒಂದೇ: ‘ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿ, ವಿಂಡೋಸ್ 11 ಕೂರಿಸಿಕೊಡಿ.’ ಮೊದಲ ಎರಡನ್ನು ಕೂತ ಜಾಗದಲ್ಲೇ ಮಾಡಿಕೊಡುತ್ತೇನೆ. ಮೂರನೆಯದು ನನ್ನ ಕೈಯಲ್ಲಿಲ್ಲ.

ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಹತ್ತು ವರ್ಷದ ಹಿಂದಿನ ಯಂತ್ರದಲ್ಲೂ ಅಷ್ಟಿರುತ್ತದೆ. ತೊಡಕಿರುವುದು ಯಂತ್ರದ ಮಿದುಳಾದ ಪ್ರೊಸೆಸರ್‌ನಲ್ಲಿ. ಇಂಟೆಲ್ ಆದರೆ, ಬೆರಳೆಣಿಕೆಯ ಅಪವಾದ ಬಿಟ್ಟು, ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕೆಂದು ಮೈಕ್ರೋಸಾಫ್ಟ್ ಗೆರೆ ಎಳೆದಿದೆ. ಈ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ, ಕಿತ್ತು ಬೇರೆಯದನ್ನು ಹಾಕುವಂತಿಲ್ಲ. 32 ಜಿಬಿ ರ‍್ಯಾಮ್ ತುಂಬಿದರೂ ಆರನೇ ತಲೆಮಾರು ಆರನೆಯದಾಗಿಯೇ ಉಳಿಯುತ್ತದೆ.

‘ನನ್ನದು ಐ7, ಏಳನೇ ಜನರೇಷನ್’ ಎನ್ನುತ್ತಾರೆ. ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಐ3, ಐ5, ಐ7 ಎಂಬುದು ಇಂಟೆಲ್ ಪ್ರೊಸೆಸರಿನ ದರ್ಜೆ. ತಲೆಮಾರು ಇರುವುದು ಅದರ ಮುಂದಿನ ಅಡ್ಡಗೆರೆಯ ನಂತರ. ಐ7-6600ಯು ಎಂದಿದ್ದರೆ ಆರನೆಯದು, ಐ5-8250ಯು ಎಂದಿದ್ದರೆ ಎಂಟನೆಯದು. ಹತ್ತರಿಂದ ಮುಂದೆ ಮೊದಲ ಎರಡು ಅಂಕಿ ಸೇರಿಸಿ ಓದಬೇಕು: ಐ5-1135ಜಿ7 ಹನ್ನೊಂದನೆಯದು.

ಹಾಸನದ ಕಡೆಯ ರೈತರೊಬ್ಬರು ಎಂಜಿನಿಯರಿಂಗ್ ಸೇರಿದ ಮಗಳಿಗೆಂದು ಇದೇ 6600ಯು ಕೊಂಡು ತಂದಿದ್ದರು. ಅಂಗಡಿಯವನು ಎರಡು ಯಂತ್ರ ತೋರಿಸಿದ್ದನಂತೆ. ಮಗಳ ಮೊಬೈಲ್‌ನಲ್ಲಿ ಎರಡರ ಫೋಟೋವೂ ಇತ್ತು. ಬೇಡವೆಂದು ಬಿಟ್ಟದ್ದು 8250ಯು, ಬೆಲೆಯೂ ಕಡಿಮೆ. ಬಿಟ್ಟದ್ದಕ್ಕೆ ನಾಲ್ಕು ಕೋರ್ (ಏಕಕಾಲಕ್ಕೆ ಕೆಲಸ ಮಾಡುವ ಘಟಕ), ಕೊಂಡದ್ದಕ್ಕೆ ಎರಡೇ. ‘ಐದಕ್ಕಿಂತ ಏಳು ದೊಡ್ಡದಲ್ಲವೇ ಸ್ವಾಮಿ?’ ಎಂದರು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹೆಸರಿಟ್ಟವರ ಮೇಲೆ ನನಗೆ ಕೋಪ ಬಂತು.

ಅಡ್ಡದಾರಿಯಿಂದ ಕೂರಿಸಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಕೂರಿಸಬಹುದು. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಕೊಟ್ಟರು, ಅಷ್ಟೆ. ಬ್ಯಾಂಕ್ ವ್ಯವಹಾರ ಮಾಡುವವರಿಗೆ ನಾನು ಅಡ್ಡದಾರಿ ಸೂಚಿಸುವುದಿಲ್ಲ. ಆ ಹುಡುಗಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟೆ. ಪ್ರೋಗ್ರಾಮಿಂಗ್ ಕಲಿಯಲು ಧಾರಾಳವಾಗಿ ಸಾಕು. ಕಾಲೇಜಿನವರು ವಿಂಡೋಸ್ ತಂತ್ರಾಂಶವನ್ನೇ ಕಡ್ಡಾಯ ಮಾಡಿದರೆ ಆ ಮಾತು ಬೇರೆ.

ಹೊರನೋಟ ನಂಬಬೇಡಿ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480 ಅಕ್ಕಪಕ್ಕ ಇಟ್ಟರೆ ಅವಳಿಗಳು. ಎರಡರಲ್ಲೂ ರ‍್ಯಾಮ್‌ಗೆ ಎರಡು ಸ್ಲಾಟ್. ಆದರೆ ಟಿ470ರಲ್ಲಿರುವುದು ಆರನೇ ಅಥವಾ ಏಳನೇ ತಲೆಮಾರು. ಟಿ480 ಸಾಮಾನ್ಯವಾಗಿ ಎಂಟನೆಯದರೊಂದಿಗೆ ಬರುತ್ತದೆ. ಏಳನೆಯದಿರುವ ಟಿ480 ಕೂಡ ಉಂಟು, ಆದ್ದರಿಂದ ಅಲ್ಲಿಯೂ ಅಂಕಿ ಓದಿಯೇ ಕೊಳ್ಳಿ.

ಕಂಪನಿಗಳ ಕೈದಾಟಿ ಬಂದ ಥಿಂಕ್‌ಪ್ಯಾಡ್ ಆದರೆ ಹಣ ಕೊಡುವ ಮೊದಲು ಆನ್ ಮಾಡಿ ಎಫ್1 ಒತ್ತಿ ಯಂತ್ರದ ಮೂಲ ಸೆಟ್ಟಿಂಗ್ (ಬಯಾಸ್) ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ‘ಆಮೇಲೆ ತೆಗೆಸಿಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಬೇಡಿ. ಆ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತುಹೋದರೆ ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂಬುದು ಲೆನೊವೊದ ನಿಯಮ. ತೆಗೆಸಿದ ಮೇಲೆಯೇ ದುಡ್ಡು ಎಂದು ಹೇಳಿ ಬನ್ನಿ.